ಕೊಕ್ಕನೂರಿನ ಹೊಲದಲ್ಲಿ ಸಿಡಿಯದ ಮದ್ದು

ಕಳೆದ ವಾರ ದಾವಣಗೆರೆ ಪಕ್ಕದ ಬಾತಿಯ ಹತ್ತಿರ ರಸ್ತೆಗಾಗಿ ಬಂಡೆ ಸಿಡಿಸುತ್ತಿದ್ದರು. ಬಸ್ಸಿನ ಕಿಟಕಿಯಿಂದ ಮದ್ದಿನ ಘಾಟು ಒಳಬಂತು. ನಮ್ಮ ಭೂವಿಜ್ಞಾನದ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ದಾವಣಗೆರೆಯಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಒಂದು ಕಾಲಕ್ಕೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು, ಕೋಟ್ಯಂತರ ವರ್ಷಗಳ ಹಿಂದೆ ನೆಲ ಹರಿದು ದೂರ ಸರಿಯಿತು ಎಂದು ಮೇಷ್ಟ್ರು ಪಾಠ ಮಾಡುತ್ತಿದ್ದರು. ಹರಿದ ಆ ಅಂಚಿನ ಕಡೆಗೆ ಹೋದಂತೆ ಭೂಮಿಯ ಹೊರಪದರ ಎಷ್ಟು ದಪ್ಪವಿದೆ ಎಂದು ಅಳೆಯಲು ಒಂದು ಸರ್ವೆ ತಂಡ ಬಂದಿತ್ತು. ಹರಿಹರದ ಕಡೆಯಿಂದ ಘಟ್ಟ ಇಳಿದು ಸಮುದ್ರದವರೆಗೂ ಅಲ್ಲಲ್ಲಿ ಯಂತ್ರ ಹೂಡಿದ್ದರು. ಕೊಕ್ಕನೂರಿನ ಒಂದು ಹೊಲದಲ್ಲಿ ಬೋರು ಕೊರೆದು ಮದ್ದು ಇಳಿಸಿದ್ದರು. ಅದು ಸಿಡಿದಾಗ ಕಂಪನ ಆಳಕ್ಕಿಳಿದು, ಅಲ್ಲಿನ ಶಿಲೆಗೆ ಬಡಿದು ಮರಳುವುದನ್ನು ಯಂತ್ರಗಳು ದಾಖಲಿಸಬೇಕಿತ್ತು. ಅದನ್ನು ತೋರಿಸಲು ಮೇಷ್ಟ್ರು ನಮ್ಮನ್ನು ಕರೆದೊಯ್ದಿದ್ದರು.

ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ.

"ತಡವಾಗಿ ಸಿಡಿದ್ರೂ ಸಿಡೀಬಹುದು. ಅರ್ಧ ತಾಸು ಯಾರೂ ಆ ಕಡೆ ಹೋಗಬ್ಯಾಡ್ರಿ," ಎಂದರು ತಂಡದ ಅಧಿಕಾರಿ.

ಆಗಲೇ ಆಚೆ ಬದುವಿನಿಂದ ಮುದುಕರೊಬ್ಬರು ಹಗ್ಗ ಬಿಚ್ಚಿಕೊಂಡ ಎತ್ತಿನ ಹಿಂದೆ ಬೋರಿನತ್ತಲೇ ನಡೆದು ಬಂದರು. ಎಲ್ಲರೂ ಕೂಗಿದೆವು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ನಿಂತಲ್ಲೇ ನಿಂತಿದ್ದೆ. ಮೇಷ್ಟ್ರು ಓಡಿದರು. ಅಧಿಕಾರಿ ಅಂಗಿ ಹಿಡಿದೆಳೆದರೂ ನಿಲ್ಲಲಿಲ್ಲ. ಜೋಳದ ಕೂಳೆಗೆ ಎಡವಿ ಬಿದ್ದರು, ಎದ್ದರು, ಮತ್ತೆ ಓಡಿದರು.

ಬೋರಿನಿಂದ ನಾಲ್ಕು ಮಾರು ದೂರದಲ್ಲಿ ಮುದುಕರ ರಟ್ಟೆ ಹಿಡಿದರು.

"ಬಿಡ್ರಿ, ನನ್ನೆತ್ತು ಅಲ್ಲೈತೆ," ಎಂದು ಮುದುಕರು ಅರಚುತ್ತ ಆ ಕಡೆಗೇ ಜಗ್ಗುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಸಿಡಿಯುತ್ತದೆ, ಈಗ...

ಸಿಡಿಯಲಿಲ್ಲ. ಎತ್ತು ತಾನಾಗಿ ಬದು ದಾಟಿತು. ಮೇಷ್ಟ್ರು ಮುದುಕರನ್ನು ಎಳೆದುಕೊಂಡೇ ಬಂದರು. ಆಮೇಲೆ ವೈರು ಸರಿಪಡಿಸಿ ಸಿಡಿಸಿದಾಗ ಅಂಗಾಲಿನ ಕೆಳಗೆ ನೆಲ ನಡುಗಿತು. ಮೇಷ್ಟ್ರು ನೋಡಲು ಬರಲಿಲ್ಲ. ಜೀಪಿನ ನೆರಳಲ್ಲಿ ಕುಳಿತಿದ್ದರು. ನಾನು ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟರು.

"ನಮ್ಮನೆಯಾಗೆ ಇದು ಗೊತ್ತಾಗೋದು ಬ್ಯಾಡಮ್ಮ," ಎಂದರು. "ಬಾಳ ಹೆದರಿಬಿಟ್ಟೆ."

ಕಳೆದ ವಾರ ಆ ಬಸ್ಸಿಳಿದವಳು ದಾವಣಗೆರೆಯ ಎಸ್.ಎಸ್. ಬಡಾವಣೆಯ ಅವರ ಮನೆ ಹುಡುಕಿಕೊಂಡು ಹೋದೆ. ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ತಿಳಿದೇ ಇರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಅವರ ಹೆಂಡತಿಗೆ ಹೇಳಿಬಿಟ್ಟೆ.



"ಕೊಕ್ಕನೂರಿಂದ ಬಂದ ದಿನ ಮಕ್ಕಳಿಬ್ಬರನ್ನೂ ತಬ್ಬಿಕೊಂಡು ಕುಂತುಬಿಟ್ಟಿದ್ರು," ಎಂದರು ಅವರು. "ಯಾಕ ಅಂತ ಕೇಳಿದ್ದೆ. ಏನಿಲ್ಲ ಅಂದಿದ್ರು."