ಪೆಟ್ಟಿಗೆಯೊಳಗಿನ ಗುಂಯ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗಿಟಾರು ಬಾರಿಸಲು ಬರುವುದಿಲ್ಲ. ಕಲಿಯುತ್ತಿದ್ದೇನೆ ಎಂದು ಎರಡು ವರ್ಷಗಳಿಂದ ಹೇಳಿಕೊಂಡು ತಿರುಗುತ್ತಿದ್ದೇನೆ, ಅಷ್ಟೆ. ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ದಿನಾ ಬೆಳಿಗ್ಗೆ ಕಾಂಪೌಂಡಿನ ಸುತ್ತ ಹಿಮ್ಮುಖವಾಗಿ ನಡೆಯುತ್ತಾರೆ. ಇನ್ನೊಬ್ಬರು ಹಾಗಲಕಾಯಿ ರಸವನ್ನು ತಾವು ಕುಡಿಯುವುದಲ್ಲದೆ ಲಿಫ್ಟಿನಲ್ಲಿ ಸಿಕ್ಕವರಿಗೂ ಕುಡಿಸುತ್ತಾರೆ. ಅವರ ಮುಂದೆ ನನ್ನ ಗಿಟಾರು ಸಾಧುಪ್ರಾಣಿ. ಸಾಧುವಲ್ಲದ್ದು ಅದರ ಜೊತೆಗೆ ಬಂದ ಪೆಟ್ಟಿಗೆ.

ಎಲೆಕ್ಟ್ರಿಕ್ ಗಿಟಾರನ್ನು ಬರಿದೆ ಮೀಟಿದರೆ ಬಾರಿಸಿದವನಿಗೆ ಮಾತ್ರ ಕೇಳಿಸುತ್ತದೆ. ನನ್ನ ಹೆಂಡತಿ ವಸಂತಿಯ ಪ್ರಕಾರ ಅದು ಆ ವಾದ್ಯದ ದೊಡ್ಡ ಗುಣ. ನನಗೆ ಹಾಗನ್ನಿಸಲಿಲ್ಲ. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವವರಿಗೆಂದೇ ಇರುವ ಒಂದು ಪುಟ್ಟ ಆಂಪ್ಲಿಫೈಯರನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದೆ. ಗಾತ್ರದಲ್ಲಿ ನಮ್ಮ ಅಕ್ಕಿಡಬ್ಬಿಗಿಂತ ಚಿಕ್ಕದು. ಮುಂದೆ ಬಟ್ಟೆಯ ಜಾಲರಿ, ಮೇಲೆ ಸದ್ದು ಏರಿಸಿ ಇಳಿಸಲು ತಿರುಗಿಸುವ ಮೂರು ಗುಬ್ಬಿಗಳು, ಹಿಂದೆ ಒಂದು ವಯರು. ತಂದವನೇ ಗೋಡೆಗೆ ಚುಚ್ಚಿ ಸ್ವಿಚ್ ಹಾಕಿದೆ. ಗಿಟಾರನ್ನು ಇನ್ನೂ ಮುಟ್ಟಿರಲಿಲ್ಲ, ಪೆಟ್ಟಿಗೆ ತಾನಾಗಿಯೇ ಹಾಡತೊಡಗಿತು: ಗುಂಯ್…

"ಎಂತ ಮಾರಾಯ್ರೆ ಅದು? ಮಿಕ್ಸಿ ಚಾಲೂ ಇಟ್ಟು ಬಂದಿದ್ದೀರಾ?" ಎಂದು ವಸಂತಿ ಅಡುಗೆಮನೆಯಿಂದ ಕೇಳಿದಳು. ಅವಳು ಅಡುಗೆಮನೆಯಲ್ಲೇ ಇದ್ದಳು, ಮಿಕ್ಸಿಯೂ ಅಲ್ಲೇ ಇತ್ತು. ಆದರೂ ಅನುಮಾನ ನನ್ನ ಮೇಲೆ.

ಸದ್ದುಗಳ ವಿಷಯದಲ್ಲಿ ಕನ್ನಡದಷ್ಟು ಧಾರಾಳ ಭಾಷೆ ಇನ್ನೊಂದಿದೆಯೋ ಇಲ್ಲವೋ ನಾನರಿಯೆ. ಇಂಗ್ಲಿಷಿನವರು ಎಲ್ಲವನ್ನೂ ನಾಯ್ಸ್ ಎಂದು ಒಂದೇ ಚೀಲಕ್ಕೆ ತುಂಬುತ್ತಾರೆ. ನಮ್ಮಲ್ಲಿ ಸುಂಯ್ ಬೇರೆ, ಜುಂಯ್ ಬೇರೆ, ಗುಂಯ್ ಬೇರೆ. ಕರಕರ, ಪರಪರ, ಚಟಚಟಗಳಿಗೆ ಪ್ರತ್ಯೇಕ ಆಸನಗಳುಂಟು. ಶಾಲೆಯಲ್ಲಿ ಮೇಷ್ಟ್ರು ಅನುಕರಣಾವ್ಯಯಕ್ಕೆ ಹತ್ತು ಉದಾಹರಣೆ ಬರೆಯಲು ಹೇಳಿದಾಗ ನಾನು ನಾಲ್ಕು ಬರೆದು ನಿಲ್ಲಿಸಿದ್ದೆ. ಈಗ ಈ ಪೆಟ್ಟಿಗೆಯ ಮುಂದೆ ಕುಳಿತು ಇಡೀ ಹಾಳೆ ತುಂಬಿಸಬಲ್ಲೆ. ಗುಂಯ್ ಅದರ ಮೂಲಧರ್ಮ. ವಾಲ್ಯೂಮ್ ಏರಿಸಿದರೆ ಅದರ ಮೇಲೊಂದು ಸುಸ್ಸ್. ಕೆಳಗಿನ ಮನೆಯವರು ಫ್ರಿಜ್ಜಿನ ಬಾಗಿಲು ತೆಗೆದರೆ ಒಂದು ಟಪ್.

ಇದರಿಂದ ಪೆಟ್ಟುತಿಂದದ್ದು ವಸಂತಿಯ ಕನ್ನಡ ತರಗತಿ. ಭಾನುವಾರ ಬೆಳಿಗ್ಗೆ ಅವಳು ಲ್ಯಾಪ್‌ಟಾಪಿನ ಮುಂದೆ ಕುಳಿತು ಮುಂಬಯಿಯ ಎಂಟು ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವಾಗ ಮಾತ್ರ ಹಿಂದಿಯಾಗಿರುತ್ತದೆ. ಪೆಟ್ಟಿಗೆ ಬಂದ ವಾರದ ಪಾಠ ದುಂಬಿ. ದುಂಬಿ ಹೂವಿನಿಂದ ಹೂವಿಗೆ ಹಾರುತ್ತದೆ ಎಂದು ಅವಳು ಹೇಳುತ್ತಿದ್ದಂತೆ ನಾನು ಹಾಲ್‌ನಲ್ಲಿ ಸ್ವಿಚ್ ಹಾಕಿದೆ.

"ಟೀಚರ್, ದುಂಬಿಯ ಸೌಂಡ್ ಬಹುತ್ ಅಚ್ಛಾ!" ಎಂದಳು ಒಬ್ಬ ಹುಡುಗಿ.

ದುಂಬಿ ಮುಗಿದು ದೋಣಿಯ ಪಾಠ ಬಂದರೂ ಗುಂಯ್ ನಿಲ್ಲಲಿಲ್ಲ. ಬೀಳಿಸಿಕೊಂಡ ಪಿಕ್ಕನ್ನು, ಅಂದರೆ ತಂತಿ ಮೀಟುವ ಆ ಪ್ಲಾಸ್ಟಿಕ್ ಚೂರನ್ನು, ನಾನು ಸೋಫಾದ ಅಡಿ ಹುಡುಕುತ್ತಿದ್ದೆ. "ಟೀಚರ್, ದುಂಬಿ ಇನ್ನೂ ಯಾಕೆ ಬಂದ್ ನಹೀ ಹೋತಾ?" ಎಂದು ಅದೇ ಹುಡುಗಿ ಕೇಳಿದಳು. ವಸಂತಿ ಎದ್ದು ಬಂದು ಸೋಫಾದ ಅಡಿಯಿಂದ ಹೊರಗೆ ಕಾಣುತ್ತಿದ್ದ ನನ್ನ ಕಾಲುಗಳನ್ನು ನೋಡಿ, "ನೋಡಿ, ಇದು ಬಾಯಿ ಮುಚ್ಚಬೇಕು. ಇಲ್ಲವಾದರೆ ಭಂಗಾರಿನವನ ಗುಜರಿಗೆ ಕೊಡುವುದೇ" ಎಂದಳು. ಇದು ಅಂದರೆ ಯಾವುದು ಎಂದು ಕೇಳುವ ಧೈರ್ಯವಾಗಲಿಲ್ಲ.

ಸಂಕಟ ಇನ್ನೊಂದಿತ್ತು. ಬಿಲ್ಡಿಂಗಿನ ಸತ್ಯನಾರಾಯಣ ಪೂಜೆಗೆ ಮೂರು ವಾರವಿತ್ತು. ಸೊಸೈಟಿ ಸೆಕ್ರೆಟರಿ ಸಾವಂತರು ಲಿಫ್ಟಿನಲ್ಲಿ ನನ್ನ ಹೆಗಲ ಮೇಲಿನ ಗಿಟಾರು ಕಂಡು, ಪೂಜೆಯ ಸಂಜೆಯ ಕಾರ್ಯಕ್ರಮಕ್ಕೆ ನನ್ನ ಹೆಸರನ್ನು ನೋಟಿಸ್‌ಬೋರ್ಡಿನಲ್ಲಿ ಹಾಕಿಬಿಟ್ಟಿದ್ದರು. ಗಿಟಾರುವಾದನ, ಅದರ ಕೆಳಗೆ ನನ್ನ ಹೆಸರು, ಅದರ ಕೆಳಗೆ ಸಂಗೀತ ಕುರ್ಚಿ. ಬೇಡ ಎನ್ನಬಹುದಿತ್ತು. ಆದರೆ ದಿನಾ ಆ ಬೋರ್ಡಿನ ಮುಂದೆ ಎರಡು ಸಲ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದೆನೆಂದರೆ ನನ್ನ ಮನಸ್ಸಿನ ಸ್ಥಿತಿ ನಿಮಗೆ ತಿಳಿದೀತು. ನನ್ನದು ಲೇಸಿಲ್ಲದ ಬೂಟು.

ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಬೇಡದ ಕಿರಣಗಳನ್ನು ತಡೆಯಲು ಸೀಸದ ಏಪ್ರನ್ ಕಟ್ಟಿಕೊಂಡೇ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ, ಆಂಪಿನ ಒಳಗೋಡೆಗೆ ಲೋಹದ ಹಾಳೆ ಅಂಟಿಸಿದರೆ ಹೊರಗಿನ ವಿದ್ಯುತ್ತಿನ ಗದ್ದಲ ಒಳಗೆ ನುಗ್ಗುವುದಿಲ್ಲ ಎಂದು ಓದಿದಾಗ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ಸೀಸ ಸಿಗುವಂತಿರಲಿಲ್ಲ. ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಫಾಯಿಲ್ ಸಿಕ್ಕಿತು. ಇಡೀ ಸುರುಳಿ ಖರ್ಚಾಯಿತು. ಮರುದಿನ ಆಸ್ಪತ್ರೆಯಲ್ಲಿ ಡಬ್ಬಿ ತೆರೆದರೆ ನನ್ನ ಚಪಾತಿ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿತ್ತು. ಒಂದು ಚಪಾತಿಯ ಮೇಲೆ ಸಂಕಷ್ಟಿಯ ದಿನ ಸ್ಪಷ್ಟವಾಗಿ ಮೂಡಿತ್ತು.

ಫಾಯಿಲ್ ಅಂಟಿಸುವಾಗ ಇಂಟರ್ನೆಟ್ಟಿನ ಪಾಠ ನೆನಪಿತ್ತು: ಪ್ಲಗ್ ಕಿತ್ತಿಟ್ಟೇ ಕೆಲಸ ಮಾಡಿದೆ. ಫಾಯಿಲಿನ ಒಂದು ತುದಿ ಹೋಗಬಾರದ ಕಡೆ ಹೋಗಿ ಮಲಗಿತ್ತೆಂಬುದು ಮಾತ್ರ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ, ಸದ್ದೇ ಇಲ್ಲದ ಆಂಪನ್ನು ವಸಂತಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಸ್ವಿಚ್ ಹಾಕಿದೆ. ಠಪ್! ಮೇನ್ ಸ್ವಿಚ್ಚೇ ಬಿತ್ತು. ಆಂಪು ನಿಶ್ಶಬ್ದ. ಫ್ಯಾನ್ ನಿಶ್ಶಬ್ದ, ಫ್ರಿಜ್ ನಿಶ್ಶಬ್ದ. ಇಂಟರ್ನೆಟ್ಟು ಕಡಿದು, ಲ್ಯಾಪ್‌ಟಾಪಿನ ಪರದೆಯ ಮೇಲೆ ಎಂಟು ಮಕ್ಕಳು ಔ ಎಂದು ಬಾಯಿ ತೆರೆದಂತೆಯೇ ನಿಂತುಬಿಟ್ಟಿದ್ದರು.

"ಸದ್ದು ನಿಂತಿತಲ್ಲ" ಎಂದೆ.

ವಸಂತಿ ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಮೌನಕ್ಕೆ ನಮ್ಮ ಅನುಕರಣಾವ್ಯಯಗಳಲ್ಲಿ ಶಬ್ದವಿಲ್ಲ.

ಮರುದಿನ ಆಸ್ಪತ್ರೆಯ ಮೇಂಟೆನೆನ್ಸಿನ ಗೆಳೆಯನೊಬ್ಬನಿಗೆ ಕಷ್ಟ ಹೇಳಿಕೊಂಡೆ. ಅವನು, "ಬೈಕುಲ್ಲಾದಲ್ಲಿ ಶಾಂತಾಬಾಯಿ ಅಂತ ಇದ್ದಾರೆ, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಾರೆ. ನಿಮ್ಮ ಭಾಷೆಯವರೇ. ಅವರ ಕಿವಿಗೆ ಬಿದ್ದರೆ ಯಾವ ಯಂತ್ರವೂ ಸುಳ್ಳು ಹೇಳುವುದಿಲ್ಲ" ಎಂದ. ಶನಿವಾರ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು, ಗಿಟಾರನ್ನು ಹೆಗಲಿಗೇರಿಸಿ ಲೋಕಲ್ ಹತ್ತಿದೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಒಬ್ಬ ಸಜ್ಜನರು ಆ ಗಂಟನ್ನು ನೋಡಿ ಕೈಮುಗಿದರು. ಒಳಗೆ ಯಾವ ದೇವರಿದ್ದಾನೆಂದುಕೊಂಡರೋ, ನಾನೂ ತಲೆಬಾಗಿಸಿದೆ.

ಶಾಂತಾಬಾಯಿಯವರ ಅಂಗಡಿ ಒಂದು ಗಲ್ಲಿಯ ಕೊನೆಯಲ್ಲಿತ್ತು. ಅರವತ್ತರ ಆಸುಪಾಸಿನ ಹೆಂಗಸು, ಹಣೆಯ ಮೇಲೆ ವಿಭೂತಿ, ಮೂಗಿನ ತುದಿಗೆ ಕನ್ನಡಕ. ಬಾಗಲಕೋಟೆಯ ಕಡೆಯಿಂದ ಮದುವೆಯಾಗಿ ಬಂದವರು, ಗಂಡನ ಪಕ್ಕ ಕುಳಿತು ತಾಮ್ರದ ತಂತಿ ಸುತ್ತುತ್ತ ಸುತ್ತುತ್ತ ಗಂಡನಿಗಿಂತ ಚೆನ್ನಾಗಿ ಕಲಿತವರು. ಗಂಡ ಈಗ ಚಹಾ ತರುವ ವಿಭಾಗದಲ್ಲಿದ್ದರು.

"ಬರ್ರಿ ಅಣ್ಣಾರ, ಕುಂದರ್ರಿ. ಏನ್ ಅಂತೈತಿ ಇದು?"

"ಗುಂಯ್ ಅಂತದೆ."

"ಬರೇ ಗುಂಯ್ ಏನು?"

"ಸ್ವಲ್ಪ ಸುಸ್ಸ್ ಕೂಡ ಉಂಟು."

ಅವರು ಗಂಭೀರವಾಗಿ ತಲೆಯಾಡಿಸಿದರು. ನನ್ನ ಬಾಳಿನಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಗುಂಯ್‌ಗೂ ಸುಸ್ಸ್‌ಗೂ ಇರುವ ವ್ಯತ್ಯಾಸವನ್ನು ಮನ್ನಿಸಿದ್ದರು. "ಗುಂಯ್ ಅನ್ನೂದು ಗ್ವಾಡಿ ಕರೆಂಟಿನ ಕಾಟ. ಸುಸ್ಸ್ ಅನ್ನೂದು ಒಳಗಿನ ಪಾರ್ಟಿನ ಕಾಟ. ಎರಡಕ್ಕೂ ಬ್ಯಾರೆ ಬ್ಯಾರೆ ಔಷಧ" ಎನ್ನುತ್ತ ಹಿಂಬದಿಯ ಸ್ಕ್ರೂ ಬಿಚ್ಚಿದರು. ಒಳಗೆ ಇಣುಕಿದವರು ಹಾಗೇ ನಿಂತರು.

"ಯಾಕ್ರೀ ಅಣ್ಣಾರ, ಇದರಾಗ ರೊಟ್ಟಿ ಕಟ್ಟಿದ್ರೇನು?"

ನನ್ನ ಫಾಯಿಲೆಲ್ಲ ಉಂಡೆಯಾಗಿ ಹೊರಗೆ ಬಂತು. ಲೋಹದ ಹಾಳೆ ಹಾಕುವುದು ತಪ್ಪಲ್ಲವಂತೆ. ಆದರೆ ಅದನ್ನು ಸರಿಯಾದ ಒಂದು ಕಡೆ ಕಟ್ಟಿ, ಉಳಿದ ಕಡೆ ಯಾವುದನ್ನೂ ಮುಟ್ಟದಂತೆ ಹಾಕಬೇಕಂತೆ. ಅವರು ಉಬ್ಬಿಕೊಂಡಿದ್ದ ಒಂದು ಹಳೆಯ ಕೆಪಾಸಿಟರನ್ನು ಕಿತ್ತು ಹೊಸದನ್ನು ಹಾಕಿದರು. ಗಿಟಾರಿನ ಸದ್ದು ಒಳಗೆ ಬರುವ ಬರಿಮೈ ತಂತಿಯನ್ನು ತೆಗೆದು ಮೇಲೆ ಜಾಲರಿ ಹೆಣೆದ ತಂತಿ ಕೂಡಿಸಿದರು. ಎಂಟು ಕಾಲಿನ ಒಂದು ಐಸಿ ಚಿಪ್ ಬದಲಾಯಿಸಿದರು. ಸ್ವಿಚ್ ಹಾಕಿದರೆ ಸುಸ್ಸ್ ಹೋಗಿತ್ತು. ಗುಂಯ್ ಅರ್ಧಕ್ಕಿಳಿದು, ಅಲ್ಲಿಯೇ ಪಟ್ಟು ಹಿಡಿದು ಕುಳಿತಿತ್ತು.

"ಇದು ದಿಕ್ಕು ತಪ್ಪಿ ಕುಂತೈತಿ" ಎಂದರು ಶಾಂತಾಬಾಯಿ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನ ಮುಖ ನೇರವಾಗಿ ಗಿಟಾರಿನ ತಂತಿ ಬರುವ ಕಡೆಗಿತ್ತು. ಅವರು ಅದರ ಸ್ಕ್ರೂಗಳನ್ನು ಸಡಿಲಿಸಿ, ದಪ್ಪ ರಬ್ಬರ್ ಗ್ಲೌಸು ಹಾಕಿಕೊಂಡು, "ನೀವು ಕೈ ಹಿಂದಕ ಕಟ್ಕೊಂಡು ನಿಂದರ್ರಿ. ಇದು ನಿಮ್ಮ ಕೆಲಸಲ್ಲ" ಎಂದು ಗದರಿಸಿ, ಕರೆಂಟು ಹರಿಯುತ್ತಿದ್ದಂತೆಯೇ ಆ ಕಬ್ಬಿಣದ ಗಡ್ಡೆಯನ್ನು ಮೆಲ್ಲಗೆ ತಿರುಗಿಸತೊಡಗಿದರು. ದಿನಕ್ಕೆ ನೂರು ಜನಕ್ಕೆ ಉಸಿರು ಬಿಗಿಹಿಡಿಯಿರಿ, ಅಲುಗಾಡಬೇಡಿ ಎನ್ನುವ ನಾನು ಅಂದು ಯಾರೂ ಹೇಳದೆ ಉಸಿರು ಬಿಗಿಹಿಡಿದು ನಿಂತೆ. ಗುಂಯ್ ಒಮ್ಮೆ ಏರಿತು. ಇಳಿಯಿತು. ಇನ್ನೂ ಇಳಿಯಿತು. ಒಂದು ಕೋನದಲ್ಲಿ, ಅಳುತ್ತಿದ್ದ ಕೂಸು ಮಗ್ಗುಲು ಬದಲಾಯಿಸಿ ನಿದ್ದೆಹೋದಂತೆ, ಇಲ್ಲವೇ ಇಲ್ಲವಾಯಿತು.

"ಹಾಂ, ಹಿಂಗ ಕುಂದರು" ಎಂದರು ಶಾಂತಾಬಾಯಿ. ನನಗಲ್ಲ, ಅದಕ್ಕೆ. ಪ್ಲಗ್ ತೆಗೆದು ಅದೇ ಕೋನದಲ್ಲಿ ಹೊಸ ತೂತು ಕೊರೆದು ಬಿಗಿದರು.

ಆಮೇಲೆ ಒಂದೆರಡು ಮಿನಿಟು ಬಾರಿಸಿ ನೋಡಿ ಎಂದರು. ಬಾರಿಸಿದೆ. ಗಂಡ ಚಹಾದ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ನನಗೇನೋ ಒಳಗೊಳಗೆ ಅನುಮಾನ.

"ಗುಂಯ್ ಹೋಯಿತು, ಸುಸ್ಸ್ ಹೋಯಿತು. ಆದರೆ ನಡುನಡುವೆ ಒಂದು ಕರಕರ ಕೇಳ್ತದಲ್ಲ?"

ಶಾಂತಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಅದು ನಿಮ್ಮ ಬೆರಳಿಂದ್ರಿ, ಅಣ್ಣಾರ. ಅದಕ್ಕ ನನ್ನ ಕಡೆ ಪಾರ್ಟ್ ಇಲ್ಲ."

ಮನೆಗೆ ಬಂದು ವಸಂತಿಯ ಎದುರು ಸ್ವಿಚ್ ಹಾಕಿದೆ. ಪೆಟ್ಟಿಗೆ ಬಾಯಿ ಬಿಡಲಿಲ್ಲ. ಅವಳು ಜಾಲರಿಗೆ ಕಿವಿ ಇಟ್ಟು ಆಲಿಸಿ, "ಕೆಟ್ಟುಹೋಯ್ತಾ?" ಎಂದಳು. ಇಷ್ಟು ದೊಡ್ಡ ಪ್ರಶಸ್ತಿ ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಆದರೆ ಆ ಪ್ರಶಸ್ತಿಯೇ ಪೂಜೆಯ ಸಂಜೆ ನನಗೆ ಮುಳುವಾಯಿತು. ಕಾಂಪೌಂಡಿನಲ್ಲಿ ಶಾಮಿಯಾನ, ಇಡೀ ಬಿಲ್ಡಿಂಗಿನ ಜನ, ಒಂದು ಪಕ್ಕದಲ್ಲಿ ಭಟ್ಟರು ಪ್ರಸಾದದ ಶಿರಾ ಹಂಚುತ್ತಿದ್ದರು. ನಾನು ಕುರ್ಚಿಯ ಮೇಲೆ ಕುಳಿತು ಆಂಪಿನ ಸ್ವಿಚ್ ಹಾಕಿದೆ. ಸಾವಂತರು ಬಗ್ಗಿ ನೋಡಿ, "ಚಾಲೂ ಆಹೇ ಕಾ?" ಎಂದರು.

"ಚಾಲೂ ಆಹೇ" ಎಂದೆ.

"ಮಗ ಆವಾಜ್ ಕುಠೇ?"

ಹಾಗಾದರೆ ಸದ್ದೆಲ್ಲಿ! ಅದನ್ನು ಓಡಿಸಲೆಂದೇ ಬೈಕುಲ್ಲಾಕ್ಕೆ ಹೋಗಿದ್ದೆ ಎಂದು ಮರಾಠಿಯಲ್ಲಿ ಜೋಡಿಸಿ ಹೇಳುವಷ್ಟರಲ್ಲಿ ಮೂವರು ಬಂದು ಪ್ಲಗ್ ಕಿತ್ತು ಮತ್ತೆ ಚುಚ್ಚಿದರು. ನಮ್ಮ ಬಿಲ್ಡಿಂಗಿನ ಜನ ಹುಟ್ಟಿದಂದಿನಿಂದ ಗುಂಯ್‌ಗುಡದ ಸ್ಪೀಕರನ್ನು ಕಂಡವರಲ್ಲ. ಗುಂಯ್ ಇಲ್ಲವೆಂದರೆ ಕರೆಂಟಿಲ್ಲ ಎಂದೇ ಅವರ ಲೆಕ್ಕ. ಹಾಗಲಕಾಯಿ ರಸದವರು ಪೆಟ್ಟಿಗೆಯ ತಲೆಗೆ ಎರಡು ತಟ್ಟಿದರು. ಕೊನೆಗೆ ಸಾವಂತರು, ನಾನು ಬೇಡ ಬೇಡ ಎನ್ನುತ್ತಿದ್ದಂತೆ, ಮೂರೂ ಗುಬ್ಬಿಗಳನ್ನು ಕೊನೆಯವರೆಗೆ ತಿರುಗಿಸಿ, "ಆತಾ ವಾಜವಾ" ಎಂದು ಕೈಸನ್ನೆ ಮಾಡಿದರು. ಇನ್ನು ಬಾರಿಸಿ.

ಅವುಗಳನ್ನು ಇಳಿಸಲು ನಾನು ಬಗ್ಗಿದೆ. ಬಗ್ಗಿದಾಗ ತೋಳು ಆರೂ ತಂತಿಗಳ ಮೇಲೆ ಜಾರಿತು.

ಆ ಸದ್ದಿಗೆ ನಾನು ಇಲ್ಲಿ ಅಕ್ಷರ ಕೊಡಲಾರೆ. ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಭಟ್ಟರ ಸೌಟಿನಲ್ಲಿದ್ದ ಶಿರಾ ಹಿಮ್ಮುಖವಾಗಿ ನಡೆಯುವವರ ಬೆನ್ನಿಗೆ ಬಿತ್ತು. ಗೇಟಿನ ಬಳಿ ನಿಂತಿದ್ದ ಸಾವಂತರ ಕಾರು ಪೀಂ ಪೀಂ ಎಂದು ಅರಚತೊಡಗಿತು, ಅವರು ಕೀಲಿಕೈ ತರಲು ನಾಲ್ಕನೆಯ ಮಹಡಿಗೆ ಓಡಿದರು. ಆಮೇಲೆ ಚಪ್ಪಾಳೆ! ಕಾರ್ಯಕ್ರಮ ಅಷ್ಟೇ ಎಂದು ಜನ ತಿಳಿದಿದ್ದರು. ಮುಂದಿನ ಸಾಲಿನ ಒಬ್ಬ ಅಜ್ಜಿ, "ಲಹಾನ್ ಪಣ್ ಛಾನ್!" ಎಂದರು. ಚಿಕ್ಕದಾದರೂ ಚೊಕ್ಕವಾಗಿತ್ತು ಎಂದು. ನಾನು ಎದ್ದು ನಿಂತು ಕೈಮುಗಿದೆ. ಇಂಥ ಹೊತ್ತಿನಲ್ಲಿ ತಿದ್ದುಪಡಿ ಹೇಳುವಷ್ಟು ಸತ್ಯವಂತ ನಾನಲ್ಲ. ವಸಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ಅತ್ತದ್ದೋ ನಕ್ಕದ್ದೋ ಎಂದು ನಾನು ಇಂದಿಗೂ ವಿಚಾರಿಸಿಲ್ಲ.

ಆಮೇಲೆ ಬಾಳು ಶಾಂತವಾಗಿದೆ. ಭಾನುವಾರದ ತರಗತಿ ನಿರ್ವಿಘ್ನ, ನಾನು ಹಾಲ್‌ನಲ್ಲಿ ಸಣ್ಣಗೆ ತಂತಿ ಮೀಟುತ್ತ ಕೂತಿರುತ್ತೇನೆ. ತಪ್ಪಿದಾಗ ನಿಲ್ಲಿಸುತ್ತೇನೆ, ಆದ್ದರಿಂದ ಬಹಳ ಹೊತ್ತು ನಿಲ್ಲಿಸಿಯೇ ಇರುತ್ತೇನೆ. ಮೊನ್ನೆ ಹೀಗೆ ಮುಂದಿನ ಬೆರಳು ಎಲ್ಲಿಡಬೇಕೆಂದು ಯೋಚಿಸುತ್ತಿದ್ದಾಗ ಅಡುಗೆಮನೆಯಿಂದ ವಸಂತಿಯ ದನಿ ಬಂತು.

"ಇದ್ದೀರಾ?"

"ಇದ್ದೇನೆ. ಯಾಕೆ?"

"ಎಂತ ಇಲ್ಲ. ಮೊದಲಾದರೆ ಆ ಗುಂಯ್ ಕೇಳ್ತಿತ್ತು, ನೀವು ಮನೆಯಲ್ಲೇ ಉಂಟು ಅಂತ ಗೊತ್ತಾಗ್ತಿತ್ತು. ಈಗ ಒಬ್ಬಳೇ ಇದ್ದ ಹಾಗೆ ಆಗ್ತದೆ."

ಶಾಂತಾಬಾಯಿಯವರ ಬಳಿಗೆ ಹೋಗಿ, ಟ್ರಾನ್ಸ್‌ಫಾರ್ಮರನ್ನು ಒಂದು ಚೂರು ಹಿಂದಕ್ಕೆ ತಿರುಗಿಸಿ ಎನ್ನಲು ನಾಚಿಕೆ. ಹಾಗಾಗಿ ಈಗ ನಾನೇ ಐದೈದು ಮಿನಿಟಿಗೊಮ್ಮೆ, ಅವಳು ಏನೂ ಕೇಳದಿದ್ದರೂ, ಅಡುಗೆಮನೆಯ ಕಡೆ ಮುಖ ಮಾಡಿ "ಹೂಂ" ಅನ್ನುತ್ತಿರುತ್ತೇನೆ.