ನೀರು ಹಾಕದ ಬೊಡ್ಡೆಗಳು

ಯಾದಗಿರಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ಮೇ ತಿಂಗಳ ಕೊನೆಯ ವಾರ. ಆ ಹೊತ್ತಿಗೇ ಕಿಟಕಿಯ ಸರಳು ಬೆಚ್ಚಗಿತ್ತು. ಭೀಮಾ ಸೇತುವೆಯ ಕೆಳಗೆ, ಬಂಡೆಗಳ ನಡುವೆ, ಒಂದು ಎಮ್ಮೆ ಮುಳುಗುವಷ್ಟು ನೀರೂ ಇರಲಿಲ್ಲ. ಮುಂದಿನ ಸೀಟಿನವರು ಬೀಡಿ ಹಚ್ಚಲು ಕಡ್ಡಿ ಗೀರಿದರು. ನಾನು ಎದ್ದು ಹಿಂದಿನ ಸಾಲಿಗೆ ಹೋಗಿ ಕೂತೆ. ಎರಡು ವರ್ಷದಿಂದ ನನಗೆ ಕಡ್ಡಿ ಗೀರುವ ಸದ್ದು ಆಗಿಬರುವುದಿಲ್ಲ.

ಶಹಾಪುರ ಮುಟ್ಟಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಸ್ಟ್ಯಾಂಡಿನ ಎದುರು ಮಂಡಕ್ಕಿ ಸುಸಲಾ, ಮಿರ್ಚಿ ತಿಂದು ಗೋಗಿಯ ಕಡೆ ಹೋಗುವ ಟಂಟಂ ಹತ್ತಿದೆ. ಹತ್ತು ರೂಪಾಯಿ, ಹನ್ನೊಂದು ಜನ, ಎರಡು ಕೋಳಿ. ದಾರಿಯಲ್ಲಿ ಕಾಲುವೆ ಸಿಕ್ಕಿತು. ನೀರು ನಿಲ್ಲಿಸಿದ್ದರು, ಆಳವಿದ್ದ ಕಡೆ ಮಾತ್ರ ಪಾಚಿ ಬಣ್ಣದ ನೀರು ಉಳಿದಿತ್ತು. ಅದನ್ನೇ ಟ್ಯಾಂಕರಿಗೆ ತುಂಬಿಸಿಕೊಂಡು ಹನ್ನೊಂದಕ್ಕೆ ಗುಡ್ಡದ ಬುಡಕ್ಕೆ ಬರುವುದಾಗಿ ಟ್ಯಾಂಕರ್ ಓಡಿಸುವ ಖಾಜಾ ಒಪ್ಪಿದ್ದ. ಆ ಗುಡ್ಡದಲ್ಲಿ ಬೆಂಕಿಗೆ ಸುಟ್ಟ ಸೀತಾಫಲದ ಗಿಡಗಳಿಗೆ ನೀರು ಹಾಕುವುದು ನನ್ನ ಆ ದಿನದ ಕೆಲಸ. ಹೋದ ಬೇಸಿಗೆಯಲ್ಲೂ ಗೆಳೆಯರನ್ನು ಕೂಡಿಸಿಕೊಂಡು ಮೂರು ಸಲ ಹಾಕಿಸಿದ್ದೆ.

ಹಟ್ಟಿಯ ಬಳಿ ಇಳಿದಾಗ ನಿಂಗಮ್ಮಕ್ಕ ಬೇವಿನ ಕೆಳಗೆ ಕಾಯುತ್ತಿದ್ದಳು. ಗುಡ್ಡದ ಸೀತಾಫಲ ಆರಿಸಿ, ಬುಟ್ಟಿಯಲ್ಲಿ ಹೊತ್ತು ಶಹಾಪುರದ ಸಂತೆಗೆ ಒಯ್ಯುವ ಹೆಂಗಸರಲ್ಲಿ ಅವಳೇ ಹಿರಿಯಳು. ಬೆಂಕಿ ಬಿದ್ದ ಮೇಲೆ ಒಂದು ಹಣ್ಣೂ ಆಗಿಲ್ಲ. ಈಗ ಹಣ್ಣಿನ ಕಾಲ ಬಂದರೆ ಅವರೆಲ್ಲ ಕಾಲುವೆ ಕೆಳಗಿನ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುತ್ತಾರೆ. ಆ ಕೆಲಸ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗುಡ್ಡಕ್ಕೆ ಯಾರೂ ಕರೆಯಬೇಕಿರಲಿಲ್ಲ ಎಂದು ಅವಳು ಹೇಳುತ್ತಾಳೆ.

ಅವಳಿಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು, ಗುಡ್ಡದ ಗಿಡಗಳ ಪಟ್ಟಿ ಮಾಡಲೆಂದು ಎರಡು ವರ್ಷದ ಹಿಂದೆ ಬಂದಿದ್ದೆ. ಮಧ್ಯಾಹ್ನ ಒಣಹುಲ್ಲಿಗೆ ಹೇಗೋ ಬೆಂಕಿ ತಗುಲಿತು. ನಾನು ಮೇಲಕ್ಕೆ ಓಡಿದೆ. ಬೆಂಕಿ ನನಗಿಂತ ಜೋರಾಗಿ ಏರು ಹತ್ತುತ್ತಿತ್ತು. "ಮ್ಯಾಲ ಓಡಬ್ಯಾಡ್ರಿ, ಸುಟ್ಟ ನೆಲಕ್ಕ ಬರ್ರಿ" ಎಂದು ಕೂಗುತ್ತ ಬಂದವಳು ಮುಂಗೈ ಹಿಡಿದು, ಮೊಳಕಾಲೆತ್ತರದ ಉರಿಯನ್ನು ದಾಟಿಸಿ, ಸುಟ್ಟು ಕರಿಯಾಗಿದ್ದ ನೆಲದ ಮೇಲೆ ನಿಲ್ಲಿಸಿದಳು. ಅಲ್ಲಿ ಉರಿಯಲು ಏನೂ ಉಳಿದಿರಲಿಲ್ಲ. ಪುಸ್ತಕದಲ್ಲಿ ನಾನೂ ಓದಿದ್ದೆ. ಕಾಲಿಗೆ ಅದು ಗೊತ್ತಿರಲಿಲ್ಲ.

ಬೇವಿನ ಕೆಳಗೆ ನೀರು ಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಕೇಳಿದಳು: "ಟ್ಯಾಂಕರ್ ಬ್ಯಾಡ ಅಂದ್ರ ಸಿಟ್ಟಾಗ್ತೀರೇನ್ರಿ ಸರ?"

ಯಾಕೆ ಎಂದೆ. ಹೇಳುವುದಿಲ್ಲ, ನೋಡಬೇಕು ಎಂದು ಕುಡುಗೋಲು ಹಿಡಿದು ನಡೆದಳು.

ಕೆಳಗಿನ ಇಳಿಜಾರು ನಮ್ಮ ಪೈಪು ಮುಟ್ಟಿದ ಜಾಗ. ಹೋದ ಬೇಸಿಗೆಯಲ್ಲಿ ಇಲ್ಲಿನ ಪ್ರತಿ ಬೊಡ್ಡೆಯಿಂದಲೂ ಗೇಣುದ್ದ ಚಿಗುರು ಬಂದಿತ್ತು. ಫೋಟೋ ತೆಗೆದು ಹಂಚಿದ್ದೆವು. ಆಮೇಲೆ ಒಂದು ಮಳೆ ಬಿದ್ದು ಮುಗಿಲು ತೆರವಾಯಿತು, ಮತ್ತೆ ಕೂಡಲಿಲ್ಲ. ಚಿಗುರು ಒಣಗಿದ್ದು ಗೊತ್ತಿತ್ತು. ಬುಡ ಬದುಕಿರುತ್ತದೆಂದು ನಂಬಿದ್ದೆ. ಅವಳು ಕುಡುಗೋಲಿನಿಂದ ಮಣ್ಣು ಸರಿಸಿ, ಬೇರಿನ ತಲೆಯ ತೊಗಟೆ ಕೆರೆದು ತೋರಿಸಿದಳು. ಕಂದು. ಇನ್ನೊಂದು, ಅದೂ ಕಂದು. ಏಳನೆಯದನ್ನು ನಾನೇ ಕೆರೆದೆ. ಉಗುರಿನ ಕೆಳಗೆ ಪುಡಿ ಉದುರಿತು.

"ಇನ್ನ ಮ್ಯಾಲ ಬರ್ರಿ" ಎಂದಳು.

ಮೇಲೆ ಎಂದರೆ ಬೆಂಕಿಯ ದಿನ ನಾನು ಓಡಿದ ದಾರಿ. ಅಲ್ಲಿಗೆ ಟ್ಯಾಂಕರಿನ ಪೈಪು ಮುಟ್ಟಿರಲಿಲ್ಲ, ಆ ದಿನದ ನಂತರ ನಾನೂ ಹೋಗಿರಲಿಲ್ಲ. ಹುಲ್ಲು ತೆಳ್ಳಗಿತ್ತು, ಗಾಳಿ ಇರಲಿಲ್ಲ, ಹೊಗೆಯಂತೂ ಇರಲೇ ಇಲ್ಲ. ಆದರೂ ಎರಡು ಸಲ ನಿಂತೆ. ಅವಳು ಕಾರಣ ಕೇಳದೆ ತಾನೂ ನಿಂತು, ಕಾಲಿನ ಮುಳ್ಳು ತೆಗೆಯುವವಳಂತೆ ಬಗ್ಗಿದಳು. ಮುಳ್ಳು ಇರಲಿಲ್ಲವೆಂದು ನನ್ನ ಅನುಮಾನ.

ದೊಡ್ಡ ಬಂಡೆಗಳ ಬುಡದಲ್ಲಿ ಕರಕಲು ಬೊಡ್ಡೆಗಳು. ಒಂದು ಚಿಗುರೂ ಇಲ್ಲ. ನೋಡಿದರೆ ಸತ್ತವೆಂದೇ ಹೇಳಬೇಕು. ಅವಳು ಒಂದರ ಬುಡ ಬಿಡಿಸಿ ಕೆರೆದಳು. ಕರಿ ತೊಗಟೆಯ ಕೆಳಗೆ ಹಸಿರು, ಒದ್ದೆ ಹಸಿರು. ಪಕ್ಕದ್ದೂ ಹಾಗೇ. ನಾನು ನಾಲ್ಕನ್ನು ಕೆರೆದೆ. ಮೂರಕ್ಕೆ ಜೀವ ಇತ್ತು.

"ಮಲ್ಕೊಂಡಾವ್ರಿ ಇವು" ಎಂದಳು. "ಕೆಳಗಿನವೂ ಮಲ್ಕೊಂಡಿದ್ವು. ನೀವು ನಾಕು ಕೊಡ ಹಾಕಿ ಎಬ್ಬಿಸಿದ್ರಿ. ಬೇರಿನ್ಯಾಗ ಕೂಡಿಟ್ಟದ್ದೆಲ್ಲ ಚಿಗುರಿಗಿ ಹಾಕಿದ್ವು. ಎದ್ದ ಮ್ಯಾಲ ಉಣ್ಣಾಕ ಮಳಿ ಎಲ್ಲದ?"

ನಾನು ಬಂಡೆಯ ನೆರಳಲ್ಲಿ ಕೂತೆ. ಬೇರು ಏನನ್ನು ಕೂಡಿಡುತ್ತದೆ, ಚಿಗುರು ಅದನ್ನು ಹೇಗೆ ಖರ್ಚು ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಹೋದ ವರ್ಷವೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಆಗ ತನಗೂ ಗೊತ್ತಿರಲಿಲ್ಲ, ಹಸಿರು ಕಂಡು ತಾನೂ ಕುಣಿದಿದ್ದೆ ಎಂದಳು. ಈ ವರ್ಷವೂ ಮಳೆ ಕೈಕೊಟ್ಟರೆ ಎಂದೆ.

"ಇವೂ ಹೋಗ್ತಾವ. ಆದ್ರ ನಾವೇ ಎಬ್ಬಿಸಿ ಕೊಲ್ಲೋದು ಬ್ಯಾಡ್ರಿ. ಮಿರಗದ ಮಳಿ ನೋಡಮು." ಮೃಗಶಿರಾ ಮಳೆಗೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು.

ಕೆಳಗೆ ಹಾರ್ನ್ ಕೇಳಿತು. ಖಾಜಾ ಹೇಳಿದ ಹೊತ್ತಿಗೇ ಬಂದಿದ್ದ. ಮೇಲಿನವರೆಗೆ ಮುಟ್ಟಲೆಂದು ಈ ಸಲ ಉದ್ದನೆಯ ಪೈಪೂ ತಂದಿದ್ದ. ನಾವು ಇಳಿಯುವುದನ್ನು ನೋಡಿ, "ನಿಂಗಮ್ಮಕ್ಕ, ಗುಡ್ಡಕ್ಕ ಜಳಕ ಮಾಡಸ್ತಿ ಏನ?" ಎಂದ.

"ಮದ್ಲ ನೀ ಮಾಡು. ಆಮ್ಯಾಲ ಗುಡ್ಡದ್ದು ನೋಡಮು" ಎಂದಳು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಟ್ಯಾಂಕರ್ ಕರೆಸಿದವನು ನಾನು, ಬೇಡವೆಂದು ನಾನೇ ಹೇಳಬೇಕಿತ್ತು. ಗುಡ್ಡಕ್ಕೆ ಬೇಡ, ಹಟ್ಟಿಯ ದನದ ತೊಟ್ಟಿಗೆ ಬಿಡು ಎಂದೆ. ಖಾಜಾ ಉದ್ದನೆಯ ಪೈಪು ಸುತ್ತಿಟ್ಟು ಗೇರು ಹಾಕಿದ. ನೀರು ಬೀಳುವ ಸದ್ದಿಗೆ ಮೊದಲು ಎರಡು ಆಕಳು, ಆಮೇಲೆ ಹಟ್ಟಿಯ ಕುರಿಗಳೆಲ್ಲ ಬಂದವು.

ನಿಂಗಮ್ಮಕ್ಕ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಊಟ ಮಾಡಿ ಶಹಾಪುರಕ್ಕೆ ಬಂದು, ಸುರಪುರದ ಅಕ್ಕನ ಮನೆಗೆಂದು ನಾಲ್ಕರ ಬಸ್ಸು ಹಿಡಿದೆ. ಊರು ಬಿಡುವಾಗ ಆ ಗುಡ್ಡ ದೂರದಲ್ಲಿ ಕಂಡಿತು, ಬೋಳು, ಬಿಸಿಲಿಗೆ ನಡುಗುವಂತೆ. ಹೋದ ವರ್ಷ ಇದೇ ಬಸ್ಸಿನಲ್ಲಿ ಕೂತು ಅಲ್ಲಿ ಹಸಿರು ಹುಡುಕಿದ್ದೆ. ಈ ಸಲವೂ ಹುಡುಕಿದೆ. ಎಲ್ಲಿಯೂ ಕಾಣದಿರಲಿ, ಮಳೆ ಹಿಡಿಯುವವರೆಗೆ ಒಂದೂ ಏಳದಿರಲಿ ಎಂದುಕೊಳ್ಳುತ್ತ.