ಕಾಲು ನೆಲಕ್ಕಿಲ್ಲದ ಫೋಟೋ

ನಮ್ಮ ಮನೆಗೆ ಬಿ.ಎ. ಬರುವುದು ಸಾಧ್ಯವೇ ಇಲ್ಲ ಎಂದವಳು ನಮ್ಮ ಆಯಿ, ಅಪ್ಪನ ತಾಯಿ. ಜಿಗಿಯುವವನ ಫೋಟೋ ಬರುವುದು ಸಾಧ್ಯವೇ ಇಲ್ಲ ಎಂದವರು ಶಹಾಬಾದಿನ ಫೋಟೋದವರು. ಮೊನ್ನೆ ವಾಡಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಸಿದ ಉಳ್ಳಾಗಡ್ಡಿ (ಈರುಳ್ಳಿ) ತಂದಿಟ್ಟರು. ಆ ಹುಳಿ ವಾಸನೆಗೆ ಇಬ್ಬರೂ ಒಟ್ಟಿಗೇ ನೆನಪಾದರು... ಫೋಟೋದವರು ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು. ಅವರ ಬೆರಳುಗಳಿಗೂ.

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಕುರಕುಂಟಾದ ಒಕ್ಕಲುತನದ ಮನೆಯಿಂದ ಹೋಗಿ ನಾನು ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಪೈಕಿ ಅಷ್ಟು ದೂರ ಓದಿದವರು ಯಾರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಎತ್ತರ ಇದ್ದೇನೆಂಬ ಒಂದೇ ಕಾರಣಕ್ಕೆ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡಿದ್ದರು. ಚಳಿಗಾಲದಲ್ಲಿ ನಮ್ಮ ಕಾಲೇಜು ತಂಡ ರೈಲಿನಲ್ಲಿ ವಾಡಿಗೆ ಬಂದು ರೈಲ್ವೆಯವರ ತಂಡದೊಂದಿಗೆ ಆಡುತ್ತಿತ್ತು. ಫೋಟೋಕ್ಕೆಂದು ಶಹಾಬಾದಿನಿಂದ ಈ ಫೋಟೋದವರನ್ನು ಕರೆಸುತ್ತಿದ್ದರು.

ಅವರದು ಅಲುಗಾಡದವರನ್ನು ತೆಗೆಯುವ ಕಸುಬು. ಮದುವೆಯ ಜೋಡಿ, ಕಲ್ಲಿನ ಖಣಿಯ ಮಾಲೀಕರು, ಹಿಂದೆ ಅರಮನೆ ಬರೆದ ಪರದೆ. ಮೊದಲ ವರ್ಷ ತೆಗೆದ ಆಟದ ಫೋಟೋಗಳಲ್ಲಿ ನಾವೆಲ್ಲ ಬರೀ ಹೊಗೆಯಾಗಿದ್ದೆವು. "ನೋಡ್ಕೋ ತಮ್ಮಾ, ಇದ್ರಾಗ ನೀ ಯಾವ ಹೊಗಿ?" ಎಂದು ನನ್ನನ್ನೇ ಕೇಳಿದರು.

ಮರುವರ್ಷ ಗೆರೆಯ ಆಚೆ ಒಂದು ಹಾಸುಗಲ್ಲಿನ ಮೇಲೆ ಕುಳಿತರು. ಎಲ್ಲರೂ ಚೆಂಡು ನೋಡಿದರೆ ಇವರು ನಮ್ಮ ಮೊಣಕಾಲು ನೋಡುತ್ತಿದ್ದರು. ಮೊಣಕಾಲು ಬಗ್ಗಿದರೆ ಜಿಗಿಯುತ್ತಾರೆ ಎಂದು ಲೆಕ್ಕ. ಒಮ್ಮೆ ಚೆಂಡು ನೇರ ಅವರತ್ತಲೇ ಹೋಯಿತು. ಕೂಸನ್ನು ಅಪ್ಪಿಕೊಂಡಂತೆ ಕ್ಯಾಮೆರಾ ಅಪ್ಪಿಕೊಂಡು ಬೆನ್ನು ಕೊಟ್ಟರು. ಪೆಟ್ಟು ಜೋರಾಗಿಯೇ ಬಿದ್ದಿತ್ತು. ನಾನು ಓಡಿ ಹೋಗಿ ಕ್ಷಮೆ ಕೇಳಿದರೆ ಬೇರೆಯದೇ ಮಾತು ತೆಗೆದರು.

"ಮ್ಯಾಲ ಹೋದದ್ದು ಇಳಿಯೋಕ್ಕಿಂತ ಮುಂಚೆ ಒಂದು ಗಳಿಗಿ ನಿಲ್ತದ ತಮ್ಮಾ. ನಾ ಆ ಗಳಿಗಿಗೆ ಕಾಯ್ಲಿಕತ್ತೀನಿ."

ಆ ಗಳಿಗೆ ಅವರಿಗೆ ಸಿಕ್ಕಿತು. ಫೋಟೋದಲ್ಲಿ ನಾನು ಗಾಳಿಯಲ್ಲಿದ್ದೆ. ಚೆಂಡು ಬೆರಳ ತುದಿಯಲ್ಲಿ, ನೆರಳು ಎಲ್ಲೋ ಕೆಳಗೆ. ಅವರು ಅದರ ಅಂಚು ಒರೆಸಿ ನನ್ನ ಕೈಗೆ ಕೊಟ್ಟರು.

ಸಂಕ್ರಾಂತಿ ರಜೆಗೆ ಅದನ್ನು ಹೆಮ್ಮೆಯಿಂದ ಮನೆಗೆ ಒಯ್ದೆ. ಆಯಿಗೆ ಆ ಆಟದ ಮೇಲೆ ಮೊದಲೇ ನಗೆ. ತಳವಿಲ್ಲದ ಬುಟ್ಟಿಯಲ್ಲಿ ಏನು ತುಂಬುತ್ತೀರಿ ಎಂದು ಕೇಳುತ್ತಿದ್ದಳು. ಆ ದಿನ ನಗಲಿಲ್ಲ. ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ತಲಿ ಮ್ಯಾಲ ಟೊಪಗಿ ಇಲ್ಲ. ಕಾಲು ನೆಲಕ್ಕಿಲ್ಲ. ನೆರಳು ಬ್ಯಾರೆ, ನೀ ಬ್ಯಾರೆ. ಇದು ಜೀವ ಇದ್ದವರ ಫೋಟೋ ಅಲ್ಲ ಯಪ್ಪಾ."

ನಮ್ಮ ಕಡೆ ಗಂಡಸರು ಬರಿತಲೆಯಲ್ಲಿ ಇರುತ್ತಿದ್ದುದು ಮನೆಯಲ್ಲಿ ಸಾವಾದಾಗ ಮಾತ್ರ. ಕಾಲು ನೆಲಕ್ಕೆ ತಾಗದಿರುವುದು ದೆವ್ವಗಳಿಗೆ. ಎರಡೂ ಒಂದೇ ಫೋಟೋದಲ್ಲಿ! ಆಯಿ ಅದನ್ನು ಬೋರಲು ಇಟ್ಟು, ಹುಡುಗ ಇನ್ನು ಹೈದರಾಬಾದಿಗೆ ಹೋಗಕೂಡದು ಎಂದಳು. ಅಪ್ಪ ಅವಳ ಮಾತು ಮೀರಿದವನಲ್ಲ. ಕೊನೆಯ ಪರೀಕ್ಷೆ ಎದುರಿಗಿತ್ತು. ಆಗ ಮನೆಯಲ್ಲಿ ಕುಳಿತರೆ ಕುಳಿತಂತೆಯೇ ಎಂದು ನನಗೆ ಗೊತ್ತಿತ್ತು. ಎಷ್ಟು ಬೇಡಿದರೂ ಅವಳು ಜಗ್ಗಲಿಲ್ಲ.

ಫೋಟೋ ಹಿಂದಿರುಗಿಸುತ್ತೇನೆಂದು ಸಿಟ್ಟಿನಲ್ಲಿ ಶಹಾಬಾದಿಗೆ ಹೋದೆ. ಎಲ್ಲ ಕೇಳಿದ ಅವರು ನಗಲೂ ಇಲ್ಲ, ಆಯಿಯನ್ನು ಹಳಿಯಲೂ ಇಲ್ಲ. ಕೋಟು ಹಾಕಿಕೊಂಡು, ಕ್ಯಾಮೆರಾ ಹೊತ್ತುಕೊಂಡು ನನ್ನ ಜೊತೆ ಸೇಡಂಗೆ ರೈಲು ಹತ್ತಿದರು. ಅಲ್ಲಿಂದ ನಮ್ಮೂರಿಗೆ ಬಂಡಿ.

ನಾವು ಹೋದಾಗ ಆಯಿ ಅಂಗಳದಲ್ಲಿ ನಿಂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಅವರು ನನ್ನ ಫೋಟೋದ ಸುದ್ದಿಯನ್ನೇ ಎತ್ತಲಿಲ್ಲ. ನಿಮ್ಮದೊಂದು ತೆಗೆಯುತ್ತೇನೆ ಎಂದರು. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಎರಡೂ ಕಾಲು ನೆಲದ ಮ್ಯಾಲ ಕಾಣಬೇಕು ನೋಡಪಾ" ಎಂದು ತಾಕೀತು ಮಾಡಿ, ಮತ್ತೆ ಕೇರತೊಡಗಿದಳು. ಜೋಳ ಮೇಲೆ ಹಾರಿತು. ಇವರು ಕ್ಯಾಮೆರಾದ ಗುಂಡಿ ಒತ್ತಿದರು.

ಕೆಲವು ದಿನಗಳಾದ ಮೇಲೆ ಫೋಟೋ ಹಿಡಿದು ತಾವೇ ಬಂದರು. ಅದಕ್ಕಿನ್ನೂ ಹುಳಿ ವಾಸನೆ ಇತ್ತು. ಆಯಿ ಮೊದಲು ತನ್ನ ಕಾಲು ನೋಡಿಕೊಂಡಳು. ಎರಡೂ ಇದ್ದವು. ಆಮೇಲೆ ಮೊರದ ಮೇಲೆ, ಗಾಳಿಯಲ್ಲಿ ನಿಂತ ಜೋಳ.

"ಈ ಜೋಳ ಕೆಳಗ ಬಿದ್ದಿಲ್ಲೇನ್ರಿ ಆಯಿ?" ಎಂದು ಫೋಟೋದವರು ಕೇಳಿದರು.

"ಬೀಳಲಾರದ ಏನಪಾ? ರೊಟ್ಟಿ ಆಗಿ ಹೊಟ್ಯಾಗ ಹೋತು."

"ಇಂವನೂ ಬಿದ್ದಾನ್ರಿ. ಕುಂಡಿ ಮ್ಯಾಲ ಬಿದ್ದಾನ, ನಾನೇ ಕಂಡೀನಿ."

ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೋರಲು ಇಟ್ಟಿದ್ದ ನನ್ನ ಫೋಟೋ ತಾನೇ ತಿರುಗಿಸಿದಳು. ಅವರಿಗೆ ರೊಟ್ಟಿ ಬಡಿದು ಹಾಕಿದಳು. ಮರುದಿನ ನಾನು ಹೈದರಾಬಾದಿನ ರೈಲಿನಲ್ಲಿದ್ದೆ.

ನಾನು ಪಾಸಾದೆ. ಅಷ್ಟರಲ್ಲಿ ರಾಜ್ಯವೇ ಅಲ್ಲೋಲಕಲ್ಲೋಲವಾಯಿತು, ನಿಜಾಮರ ಆಳ್ವಿಕೆಯೂ ಮುಗಿಯಿತು. ಸರ್ಟಿಫಿಕೇಟು ಕೈಗೆ ಬಂದ ದಿನ ಸೇಡಂನಲ್ಲಿ ಇಳಿಯದೆ ನೇರ ಶಹಾಬಾದಿಗೆ ಹೋದೆ, ಮೊದಲು ಅವರಿಗೇ ತೋರಿಸಬೇಕೆಂದು. ಅಂಗಡಿಗೆ ಬೀಗ. ಗದ್ದಲದ ದಿನಗಳಲ್ಲಿ ಹೋದವರು ಮರಳಿಲ್ಲ ಎಂದರು ಪಕ್ಕದವರು. ಸೊಲ್ಲಾಪುರ ಎಂದರೊಬ್ಬರು, ಇನ್ನೊಬ್ಬರು ಬೇರೆ ಯಾವುದೋ ಊರು...

ಆಮೇಲೆ ಅವರನ್ನು ನಾನು ಕಾಣಲೇ ಇಲ್ಲ. ಈಗ ಆಯಿಯೂ ಇಲ್ಲ. ಜೋಳದ ಫೋಟೋ, ನನ್ನ ಫೋಟೋ ನಮ್ಮ ಗೋಡೆಯ ಮೇಲೆ ಅಕ್ಕಪಕ್ಕ ಇವೆ. ತೆಗೆದವರದು ಒಂದೂ ಇಲ್ಲ. ಮೊನ್ನೆ ವಾಡಿಯಲ್ಲಿ ಉಳ್ಳಾಗಡ್ಡಿಯ ತಟ್ಟೆ ಎದುರಿಗಿಟ್ಟುಕೊಂಡು ಕುಳಿತಿದ್ದೆ. ಸರ್ಟಿಫಿಕೇಟು ತಂದು ಕೊಟ್ಟ ಸಂಜೆ ಆಯಿ ಹೇಳಿದ್ದು ಕಿವಿಯಲ್ಲೇ ಇತ್ತು. ಓದು ಬಾರದ ಅವಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಫೋಟೋದವನಿಗೆ ತೋರಿಸಿದೆಯಾ ಎಂದು ಕೇಳಿದಳು. ಬೀಗದ ಸಂಗತಿ ಹೇಳಿದೆ. ಸರ್ಟಿಫಿಕೇಟನ್ನು ಮರಳಿ ನನ್ನ ಕೈಗಿಟ್ಟಳು.

"ಮ್ಯಾಲ ಹೋದದ್ದು ಇಳೀತದಂತ ಅಂವನೇ ತೋರ್ಸ್ಯಾನಲ್ಲ. ಎಲ್ಲೋ ಗಾಳ್ಯಾಗ ಅದಾನ, ಅಷ್ಟ. ಬಂದಾಗ ಇದನ್ನ ಕೈಯಾಗ ಹಿಡ್ಕೊಂಡು ಇನ್ನೊಮ್ಮೆ ಜಿಗಿ ಯಪ್ಪಾ."